ಕಿನ್ನರದ ಗುಡ್ಡಕ್ಕೆ ಪಾಯಸ

ಮದುವೆಯಾಗಿ ಕಾರವಾರಕ್ಕೆ ಬಂದ ಹೊಸತರಲ್ಲಿ ನಾನು ಬಹಳ ತಿಳಿದವಳು ಎಂದು ಹೆಸರಾಗಿದ್ದೆ. ಈಗ ಹೇಳಿದರೆ ಮೊಮ್ಮಕ್ಕಳು ನಗುತ್ತಾರೆ. ಆದರೆ ನಮ್ಮ ಓಣಿಯ ಹೆಂಗಸರೆಲ್ಲ ಆಗ ಹಾಗೇ ನಂಬಿದ್ದರು. ಅವರಿಗಿಂತ ಗಟ್ಟಿಯಾಗಿ ನಾನೇ ನಂಬಿದ್ದೆ.

ನನ್ನ ತವರು ಅಂಕೋಲೆಯ ಹತ್ತಿರದ ಒಂದು ಹಳ್ಳಿ. ಮನೆಯ ಮುಂದೆ ಗದ್ದೆ, ಗದ್ದೆಯಾಚೆ ಉಪ್ಪುನೀರು ನುಗ್ಗುವ ಗಜನಿ ಭೂಮಿ, ಅದರಾಚೆ ಸಮುದ್ರದ ಸದ್ದು. ಹಿತ್ತಲಿಗೆ ಹತ್ತಿಕೊಂಡೇ ಗುಡ್ಡ. ಇಷ್ಟೆಲ್ಲದರ ನಡುವೆ ಹುಟ್ಟಿದ ಹುಡುಗಿಗೆ ಎಷ್ಟು ತಿಳಿದಿರಬೇಡ! ನನಗೆ ಏನೂ ತಿಳಿದಿರಲಿಲ್ಲ. ಮನೆಯ ಕಿರಿಯ ಮಗಳು ನಾನು. ನೆಟ್ಟಿ ಹತ್ತಿರ ಬಂದರೆ ನನಗೆ ತಲೆನೋವು, ಕೊಯ್ಲು ಬಂದರೆ ಹೊಟ್ಟೆನೋವು. ಗುಡ್ಡಕ್ಕೆ ಹೋಗಿ ಸೊಪ್ಪಿನ ಹೊರೆ ತರುತ್ತಿದ್ದವಳು ಅತ್ತಿಗೆ. ನಾನು ಜಗಲಿಯ ಮೇಲೆ ಕಾಲು ಚಾಚಿಕೊಂಡು ಯಾರೋ ಕೊಟ್ಟ ಹಳೆಯ ಮಾಸಪತ್ರಿಕೆ ಓದುತ್ತಿದ್ದೆ. ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಪಾಸಾದ ಮಗಳೆಂದು ಅಪ್ಪ ಸುಮ್ಮನಿರುತ್ತಿದ್ದರು. ಅಮ್ಮ ಒಂದೊಂದು ಸಲ ಗದರಲು ಹೋದರೆ ಅತ್ತಿಗೆಯೇ ತಡೆಯುತ್ತಿದ್ದಳು.

"ಓದ್ಲಿ ಬಿಡಿ ಅತ್ತೆ. ಅದು ಗದ್ದೆಗೆ ಇಳದ್ರೆ ಹುಲ್ಲು ಬಿಟ್ಟು ಸಸಿ ಕೀಳ್ತದೆ. ನಮ್ಗೇ ಎರಡು ಕೆಲ್ಸ."

ಕಾರವಾರದಲ್ಲಿ ನನ್ನ ಗಂಡ ಕೋರ್ಟಿನಲ್ಲಿ ಕಾರಕೂನ. ಕೋಡಿಬಾಗದ ರಸ್ತೆಗೆ ಕೂಡುವ ಒಂದು ಓಣಿಯಲ್ಲಿ ಹೆಂಚಿನ ಮನೆಯೊಂದರ ಅರ್ಧ ಭಾಗದಲ್ಲಿ ನಾವಿದ್ದೆವು. ಇನ್ನರ್ಧದಲ್ಲಿ ಮನೆಯ ಒಡತಿ. ವಯಸ್ಸಾದವರು, ವಿಧವೆ, ಓಣಿಗೆಲ್ಲ ಹಿರಿಯರು. ಎಲ್ಲರೂ ಅವರನ್ನು ಬಾಯಿ ಎಂದು ಕರೆಯುತ್ತಿದ್ದರು. ಕೊಂಕಣಿ, ಮರಾಠಿಯವರಲ್ಲಿ ಅದು ಮರ್ಯಾದೆಯ ಕರೆ. ನನಗೆ ಮೊದಮೊದಲು ನಗು ಬರುತ್ತಿತ್ತು. ಸ್ವಲ್ಪ ದಿನ ಕಳೆದ ಮೇಲೆ ಆ ಹೆಸರು ಅವರಿಗೆ ಕನ್ನಡದಲ್ಲೂ ಚೆನ್ನಾಗಿಯೇ ಒಪ್ಪುತ್ತದೆ ಎಂದು ಗೊತ್ತಾಯಿತು.

ಓಣಿಯ ಮನೆಮಾತು ಕೊಂಕಣಿ. ಹಾಡು, ನಾಟಕ, ಜಗಳದ ಕೊನೆಯ ಏಟು ಮರಾಠಿಯಲ್ಲಿ. ಕನ್ನಡ ಎಲ್ಲರಿಗೂ ಬರುತ್ತಿತ್ತು, ಆದರೆ ಅದನ್ನು ಕಚೇರಿಗೂ ಶಾಲೆಗೂ ಎತ್ತಿಟ್ಟಿದ್ದರು. ಮಧ್ಯಾಹ್ನ ಬಾಯಿಯ ಜಗಲಿಯಲ್ಲಿ ಹೆಂಗಸರು ಸೇರಿದಾಗ ನನಗಾಗಿ ನಾಲ್ಕು ಮಾತು ಕನ್ನಡದಲ್ಲಿ ಆಡಿ, ಅತಿಥಿಗೆ ಮಣೆ ಹಾಕಿದ ಹಾಗೆ ಮಾಡಿ, ಮತ್ತೆ ತಮ್ಮ ಮಾತಿಗೆ ಮರಳುತ್ತಿದ್ದರು. ನಾನು ಎಲ್ಲ ತಿಳಿದವಳಂತೆ ತಲೆಯಾಡಿಸುತ್ತ ಕೂರುತ್ತಿದ್ದೆ. ಯಾರಾದರೂ ನನ್ನತ್ತ ನೋಡಿದರೆ "ಹಯ್, ಹಯ್" ಎನ್ನುತ್ತಿದ್ದೆ. ಹೌದು ಎನ್ನುವುದಕ್ಕೆ ಆ ಕಡೆ ಹಾಗೆ ಹೇಳುತ್ತಾರೆ. ಯಾವ ಪ್ರಶ್ನೆಗೂ ಹೊಂದುವ ಉತ್ತರವೆಂದು ಅದೊಂದನ್ನು ಕಲಿತಿಟ್ಟುಕೊಂಡಿದ್ದೆ.

ಹೀಗೆ ಮೂಲೆಯಲ್ಲಿ ಕೂತವಳಿಗೆ ಹೆಸರು ಬಂದದ್ದು ಮೊದಲು ಅಂಕೋಲೆಯಿಂದ. ಉಪ್ಪಿನ ಸತ್ಯಾಗ್ರಹ ನಡೆದು ಒಂದೆರಡು ವರ್ಷವಾಗಿತ್ತಷ್ಟೆ. "ಅಂಕೋಲೆಯವಳಾ ನೀನು? ಉಪ್ಪು ಮಾಡಿದ್ದು ನೋಡಿದ್ದಿ?" ಎಂದು ಕೇಳಿದರು. ನಾನು ನೋಡಿರಲಿಲ್ಲ. ಆ ದಿನ ನನ್ನನ್ನು ಮನೆಕಾಯಲು ಬಿಟ್ಟು ಊರೆಲ್ಲ ಹೋಗಿತ್ತು. ಅಣ್ಣ ವಸ್ತ್ರದಲ್ಲಿ ಕಟ್ಟಿ ತಂದ ಉಪ್ಪನ್ನು ನಾಲಗೆಗೆ ಹಚ್ಚಿ, ಮಣ್ಣು ಮಣ್ಣು ಎಂದು ಉಗುಳಿದ್ದೆ. ದೇಶಕ್ಕೆ ನನ್ನ ಸೇವೆ ಅಷ್ಟೆ. ಆದರೆ "ನೋಡದೆ ಎಂತಾ, ರುಚಿನೂ ನೋಡಿದ್ದೆ" ಎಂದುಬಿಟ್ಟೆ. ಸುಳ್ಳೇನೂ ಅಲ್ಲವಲ್ಲ.

ಆಮೇಲೆ ವಕೀಲರ ಹೆಂಡತಿಯ ಮಗುವಿಗೆ ಕಣಜ ಕಚ್ಚಿತು. ಎದುರುಮನೆಯ ವಕೀಲರು. ಅವರ ಹೆಂಡತಿ ದೊಡ್ಡ ಮೈಯ, ದೊಡ್ಡ ಮನಸ್ಸಿನ, ಸಣ್ಣದಕ್ಕೂ ಹೆದರುವ ಹೆಂಗಸು. ಮಗುವಿನ ಜೊತೆ ತಾವೂ ಅಳುತ್ತಿದ್ದರು. ಸುಮ್ಮನೆ ನಿಂತರೆ ಚೆನ್ನಾಗಿರುವುದಿಲ್ಲವೆಂದು ನಾನು ಬೇಲಿಯಿಂದ ಕೈಗೆ ಸಿಕ್ಕ ಎಲೆ ಕಿತ್ತು ತಿಕ್ಕಿ ಹಚ್ಚಿದೆ. ಅದೇ ಹೊತ್ತಿಗೆ ಬಾಯಿ ಮಗುವಿನ ಕೈಗೆ ಬೆಲ್ಲದ ಉಂಡೆ ಕೊಟ್ಟರು. ಅಳು ನಿಂತಿತು. ಬೆಲ್ಲದ ಕೀರ್ತಿ ಎಲೆಗೆ ಹೋಯಿತು, ಎಲೆಯಿಂದ ನನಗೆ ಬಂತು.

ಅಂದಿನಿಂದ ಹೆಂಗಸರು ಎಲೆ, ಬೇರು, ಹೂವು ಹಿಡಿದುಕೊಂಡು ಬರತೊಡಗಿದರು. "ವಹಿನಿ, ಇದ್ಕೆ ಎಂತ ಹೇಳ್ತಾರೆ ನಿಮ್ಮಲ್ಲಿ?" ವಹಿನಿ ಎಂದರೆ ಅತ್ತಿಗೆ. ಗೊತ್ತಿಲ್ಲ ಎಂದರೆ ಮತ್ತೆ ಮೂಲೆಯೇ ಗತಿ. ಹಾಗಾಗಿ ನಮ್ಮ ಕೊಟ್ಟಿಗೆಯ ಎಮ್ಮೆಗಳ ಹೆಸರನ್ನು ಒಂದೊಂದಾಗಿ ಗಿಡಗಳಿಗೆ ಇಟ್ಟೆ. ಎಮ್ಮೆಗಳು ಮುಗಿದ ಮೇಲೆ ಎತ್ತುಗಳು. ಅವರು ಅಕ್ಕರೆಯಿಂದ ಆ ಹೆಸರುಗಳನ್ನು ಬಾಯಿಪಾಠ ಮಾಡಿದರು.

ಕಾರ್ತೀಕ ಬಂತು. ಕಾರ್ತೀಕದಲ್ಲಿ ನೆಲ್ಲಿಮರಕ್ಕೆ ಪೂಜೆ ಮಾಡಿ ಅದರ ಬುಡದಲ್ಲೇ ಎಲೆ ಹಾಕಿ ಉಣ್ಣುವುದು ಓಣಿಯ ಹೆಂಗಸರ ಪದ್ಧತಿ. ನಮ್ಮ ಕಡೆ ವನಭೋಜನ ಎನ್ನುವುದನ್ನು ಅವರು ಆವಳಿ ಭೋಜನ ಎನ್ನುತ್ತಿದ್ದರು. ಹಿಂದೆಲ್ಲ ಊರೊಳಗೇ ಒಂದು ದೊಡ್ಡ ಹಿತ್ತಲಿನ ನೆಲ್ಲಿಮರದ ಕೆಳಗೆ ಅದು ನಡೆಯುತ್ತಿತ್ತು. ಆ ವರ್ಷದ ಮಳೆಗಾಳಿಗೆ ಮರ ಬುಡಸಮೇತ ಬಿದ್ದಿತ್ತು. ಬಾಯಿಯ ಜಗಲಿಯಲ್ಲಿ ಅದೇ ಚಿಂತೆ.

"ನೆಲ್ಲಿಮರಕ್ಕೆ ಬರವೇ? ಕಿನ್ನರದ ಗುಡ್ಡದ ತುಂಬ ಅದೇ ಅದೆ" ಎಂದೆ ನಾನು.

ಕಿನ್ನರ ಎಂಬ ಊರಿನ ಹೆಸರನ್ನು ನಾನು ಕೇಳಿದ್ದು ಹಿಂದಿನ ಸಂಜೆ. ಅಲ್ಲಿಯದೊಂದು ಗದ್ದೆಯ ತಕರಾರು ಕೋರ್ಟಿಗೆ ಬಂದಿದೆ ಎಂದು ಗಂಡ ಊಟದ ಹೊತ್ತಿಗೆ ಹೇಳಿದ್ದರು. ಯಕ್ಷ ಕಿನ್ನರರ ಊರು ಹೇಗಿರಬಹುದೆಂದು ಮಲಗುವವರೆಗೆ ಕಲ್ಪಿಸಿದ್ದೆ. ಅಂಥ ಊರಿನಲ್ಲಿ ನೆಲ್ಲಿಮರ ಇಲ್ಲದಿರುತ್ತದೆಯೆ?

ಬಾಯಿ ನನ್ನನ್ನೇ ದಿಟ್ಟಿಸಿದರು. "ನೋಡಿದ್ದಿ ಗೋ ನೀನು?"

"ಗುಡ್ಡದಲ್ಲೇ ಹುಟ್ಟಿದವ್ಳು ನಾನು, ಬಾಯಿ."

ನೋಡಿದ್ದೇನೆ ಎನ್ನಲಿಲ್ಲ, ಗಮನಿಸಿ. ವಕೀಲರ ಹೆಂಡತಿ ಆಗಲೇ ಕೈ ತಟ್ಟಿ, ದೋಣಿಯಲ್ಲಿ ಹೋಗೋಣ, ತುಳಸಿ ಲಗ್ನಕ್ಕೆ ಬೇಕಾದ ನೆಲ್ಲಿಕೊಂಬೆಯನ್ನೂ ಅಲ್ಲಿಂದಲೇ ತರೋಣ ಎಂದು ಕುಣಿದರು. ಸಂಜೆ ಗಂಡನಿಗೆ ಹೇಳಿದೆ.

"ಕಿನ್ನರಕ್ಕೆ ನೀ ಯಾವಾಗ ಹೋಗಿದ್ದೆ?"

"ಹೋಗೂದು ಎಂತಕೆ? ಗುಡ್ಡ ಅಂದ್ರೆ ಗುಡ್ಡ."

"ಹಾಗಾದ್ರೆ ಒಂದು ನೆನಪಿಟ್ಕೊ. ಭರತದಲ್ಲಿ, ನೀರು ಏರೂವಾಗ ಹೋಗಿ, ಇಳಿತ ಜೋರಾಗೂದ್ರೊಳಗೆ ತಿರುಗಿ ಬನ್ನಿ. ತಡ ಆದ್ರೆ ದೋಣಿ ದಂಡೆಯ ಕೆಸರಲ್ಲಿ ಕೂತ್ಕಳ್ತದೆ."

ಹೊಳೆಯ ವಿಷಯ ನನಗೆ ಹೇಳಿಕೊಡುತ್ತಾರಲ್ಲ ಎಂದು ನಾನು ಮುಖ ತಿರುಗಿಸಿದೆ.

ಬೆಳಿಗ್ಗೆ ಕೋಡಿಬಾಗದ ದಂಡೆಯಿಂದ ಹೊರಟೆವು. ಕಾಳಿ ಹೊಳೆಗೆ ಸಮುದ್ರದ ನೀರು ಏರುತ್ತಿತ್ತು. ಹಿಂದೆ ಸದಾಶಿವಗಡದ ಗುಡ್ಡ ನಿಧಾನವಾಗಿ ಸಣ್ಣದಾಯಿತು. ಎರಡೂ ದಂಡೆಗಳಲ್ಲಿ ಕಾಂಡ್ಲ ಗಿಡಗಳು ಸೊಂಟದವರೆಗೆ ನೀರಿನಲ್ಲಿ ನಿಂತಿದ್ದವು, ಅವುಗಳ ಮೇಲೆ ಬೆಳ್ಳಕ್ಕಿಗಳು. ದೂರದಲ್ಲಿ ಘಟ್ಟದ ಸಾಲು ನೀಲಿಯಾಗಿ, ಹತ್ತಿರ ಬಂದಷ್ಟೂ ಹಸಿರಾಗಿ ಎದ್ದುಕೊಳ್ಳುತ್ತಿತ್ತು. ಅಷ್ಟು ಚೆಂದದ ಹೊಳೆಯನ್ನು ನಾನು ಅದುವರೆಗೆ ನೋಡಿರಲಿಲ್ಲ. ಸುಮ್ಮನೆ ನೋಡಬಹುದಿತ್ತು. ನಾನು ದೋಣಿಯ ಮೂತಿಯಲ್ಲಿ ಕೂತು ದಾರಿಯುದ್ದಕ್ಕೂ ಹಕ್ಕಿ, ಗಿಡ, ಗುಡ್ಡಗಳ ಪರಿಚಯ ಹೇಳುತ್ತ ಹೋದೆ. ಹುಟ್ಟು ಹಾಕುತ್ತಿದ್ದ ಮುದುಕ ಒಂದೆರಡು ಸಲ ಕೆಮ್ಮಿದ. ಅವನಿಗೆ ಕನ್ನಡ ಬರುತ್ತದೆಂದು ನನಗೆ ತಿಳಿಯಲಿಲ್ಲ.

ಕಿನ್ನರದಲ್ಲಿ ಇಳಿದಾಗ ಯಕ್ಷರೂ ಇರಲಿಲ್ಲ, ಕಿನ್ನರರೂ ಇರಲಿಲ್ಲ. ಕೊಯ್ದ ಗದ್ದೆ, ಹುಲ್ಲಿನ ಕಂತೆ, ಬಿಸಿಲಿಗೆ ಮೈಯೊಡ್ಡಿದ ನಾಯಿ. ಎಲ್ಲ ನಮ್ಮ ಊರಿನಂತೆಯೇ. ಅದನ್ನು ಕಂಡು ಧೈರ್ಯ ಬಂತು. ಸೀರೆ ಎತ್ತಿ ಸಿಕ್ಕಿಸಿಕೊಂಡು, ಗದ್ದೆಯ ಹಾಳಿಯ ಮೇಲೆ ಹಾದು ಗುಡ್ಡ ಹತ್ತತೊಡಗಿದೆ. ಪಾತ್ರೆ, ಬಾಳೆಲೆ, ತೆಂಗಿನಕಾಯಿ ಹೊತ್ತ ಹೆಂಗಸರ ಸಾಲು ನನ್ನ ಹಿಂದೆ.

ಈಗ ನಿಜವಾದ ತೊಡಕು ಎದುರಾಯಿತು. ನೆಲ್ಲಿಕಾಯಿ ನನಗೆ ಚೆನ್ನಾಗಿ ಗೊತ್ತಿತ್ತು. ಅತ್ತಿಗೆ ಬುಟ್ಟಿಯಲ್ಲಿ ತಂದದ್ದನ್ನು ಉಪ್ಪು ಹಚ್ಚಿಕೊಂಡು ತಿಂದಿದ್ದೆ. ಮರವನ್ನು ಮಾತ್ರ ಯಾವತ್ತೂ ತಲೆಯೆತ್ತಿ ನೋಡಿರಲಿಲ್ಲ. ಸಣ್ಣ ಸಣ್ಣ ಎಲೆ ಎಂಬುದಷ್ಟೇ ನೆನಪು. ಗುಡ್ಡದ ಅರ್ಧಕ್ಕೆ ಬಂದಾಗ ಒಂದು ಬಯಲಿನ ನಡುವೆ, ಸಣ್ಣೆಲೆಯ ಒಂದು ಹಳೆಯ ಮರ ತಂಪಾಗಿ ಹರಡಿಕೊಂಡು ನಿಂತಿತ್ತು. ವಕೀಲರ ಹೆಂಡತಿ ಏದುಸಿರು ಬಿಡುತ್ತ, "ಇನ್ನು ಒಂದು ಹೆಜ್ಜೆ ಇಡೂದಿಲ್ಲ" ಎಂದರು.

"ಬೇಕಾಗಿಲ್ಲ. ಇದೇ" ಎಂದೆ.

"ಕಾಯಿ ಇಲ್ವಲ್ಲ?" ಬಾಯಿ ಕತ್ತೆತ್ತಿ ಕೇಳಿದರು.

"ಮಂಗ ತಿಂದಿರ್ಬೇಕು." ಊರೊಳಗಿನ ಒಂದೇ ಮರ ಬಲ್ಲ ಅವರಿಗೆ, ಗುಡ್ಡದ ನೆಲ್ಲಿ ಹೀಗೂ ಇರುತ್ತದೇನೋ ಎನಿಸಿರಬೇಕು.

ಮರದ ಬುಡದಲ್ಲಿ ಒಂದು ನಿಂತ ಕಲ್ಲು. ಅದಕ್ಕೆ ಕುಂಕುಮ ಮೆತ್ತಿತ್ತು. ಪಕ್ಕದಲ್ಲಿ ಬೋರಲು ಬಿದ್ದ ಮಣ್ಣಿನ ಗಡಿಗೆ, ಒಂದಷ್ಟು ಬೀಡಿ ತುಂಡು, ಒಂದೆರಡು ಕೆಂಪು ಗರಿ. ಇಂಥ ಜಾಗ ನಮ್ಮ ಹಳ್ಳಿಯಲ್ಲೂ ಒಂದಿತ್ತು. ವರ್ಷಕ್ಕೊಮ್ಮೆ ಮನೆಯವರೆಲ್ಲ ಹೋಗುತ್ತಿದ್ದರು. ನನಗೆ ಆ ದಿನವೂ ತಲೆನೋವು. ಆದ್ದರಿಂದ ಕಲ್ಲನ್ನು ಕಂಡು ನನಗೆ ಸಂತೋಷವೇ ಆಯಿತು. "ನೋಡಿ, ಊರವ್ರೂ ನೆಲ್ಲಿಗೆ ಪೂಜೆ ಮಾಡಿ ಹೋಗಿದಾರೆ!" ಎಂದು ತೋರಿಸಿದೆ. ಅದಕ್ಕಿಂತ ದೊಡ್ಡ ಸಾಕ್ಷಿ ಬೇಕೆ? ಹೆಂಗಸರು ಗುಡಿಸಿದರು, ರಂಗೋಲಿ ಹಾಕಿದರು. ಮರಕ್ಕೆ ನೂಲು ಸುತ್ತಿದರು. ಬಾಯಿ ಮೂರು ಕಲ್ಲು ಹೂಡಿ ಒಲೆ ಮಾಡಿ ಹೆಸರುಬೇಳೆಯ ಪಾಯಸ ಕುದಿಸಿದರು. ನಾನು ಮರದ ಒಂದು ಕೊಂಬೆ ಮುರಿದು, ತುಳಸಿ ಲಗ್ನಕ್ಕೆ ಎಂದು ಒಬ್ಬರ ಕೈಯಲ್ಲಿ ದೋಣಿಗೆ ಕಳಿಸಿದೆ. ಆರತಿಯಾಗಿ, ದೊಡ್ಡ ಎಲೆಯಲ್ಲಿ ಪಾಯಸ ಬಡಿಸಿ ಕಲ್ಲಿನ ಮುಂದೆ ಇಟ್ಟದ್ದೂ ನಾನೇ.

ನಮಗೂ ಎಲೆ ಹಾಕಬೇಕು ಎನ್ನುವಾಗ ಬಾಯಿಯೂ ಉಳಿದವರೂ ಕೈಕಾಲು ತೊಳೆಯಲು ಕೆಳಗಿನ ಝರಿಗೆ ಹೋದರು. ಕಾವಲಿಗೆ ನಾನು ಮತ್ತು ಎದ್ದೇಳಲಾರದ ವಕೀಲರ ಹೆಂಡತಿ ಉಳಿದೆವು. ಅವರು ಆಗಲೇ ಮರಕ್ಕೆ ಒರಗಿ ಗೊರಕೆ ಹೊಡೆಯುತ್ತಿದ್ದರು. ಆಗ ಮೇಲಿನ ದಾರಿಯಿಂದ ಒಬ್ಬ ರೈತ ಹೆಂಗಸು ಸೌದೆಯ ಹೊರೆ ಹೊತ್ತುಕೊಂಡು ಇಳಿದು ಬಂದಳು. ನನ್ನದೇ ಪ್ರಾಯ. ರಂಗೋಲಿ ನೋಡಿದಳು, ನೂಲು ನೋಡಿದಳು, ಪಾಯಸ ನೋಡಿದಳು. ಹೊರೆಯನ್ನು ಧೊಪ್ಪೆಂದು ಕೆಳಗೆ ಹಾಕಿ ಕೊಂಕಣಿಯಲ್ಲಿ ಏನೋ ಕೇಳಿದಳು.

"ಹಯ್" ಎಂದೆ, ನಗುತ್ತ.

ಅವಳ ಕಣ್ಣು ಅಗಲವಾಯಿತು. ಮತ್ತೆ ಏನೋ ಕೇಳಿದಳು. "ಹಯ್, ಹಯ್." ಅವಳ ಮುಖ ಸ್ವಲ್ಪ ಸಡಿಲವಾಯಿತು. ಕಲ್ಲಿನ ಕಡೆ ಕೈ ಮುಗಿದು ಕೇಳಿದಳು, "ಕೊಂಬೊ ಹಾಡ್ಲಾ?"

ಹಾಡ್ಲಾ ಎಂದರೆ ತಂದಿದ್ದೀರಾ ಎಂದು ನನಗೆ ಗೊತ್ತಿತ್ತು. ಕೊಂಬೊ ಎಂದರೆ ಕೊಂಬೆ, ಇದರಲ್ಲಿ ಕಷ್ಟವೇನು? ಎರಡು ಭಾಷೆ ಇಷ್ಟು ಹತ್ತಿರ ಇರುವಾಗ ಜನ ಯಾಕೆ ಒದ್ದಾಡುತ್ತಾರೋ ಎನಿಸಿತು. "ಹಯ್, ಹಾಡ್ಲಾ" ಎಂದು ಹೊಳೆಯ ಕಡೆ ಬೆರಳು ತೋರಿಸಿದೆ. "ದೋಣಿ, ದೋಣಿ."

ಅವಳಿಗೆ ಎಷ್ಟು ಸಮಾಧಾನವಾಯಿತೆಂದರೆ ನನ್ನ ಗಲ್ಲ ಹಿಡಿದು ಅಲ್ಲಾಡಿಸಿ ಹೊರಟುಹೋದಳು. ಕಾರವಾರಕ್ಕೆ ಬಂದಮೇಲೆ ನಾನು ಯಾರ ಸಹಾಯವೂ ಇಲ್ಲದೆ ಕೊಂಕಣಿಯಲ್ಲಿ ನಡೆಸಿದ ಮೊದಲ ಸಂಭಾಷಣೆ ಅದು. ಹೆಮ್ಮೆಯಿಂದ ಬಾಳೆಲೆ ಒರೆಸುತ್ತ ಕೂತೆ.

ಝರಿಗೆ ಹೋದವರು ಬರುವ ಹೊತ್ತಿಗೆ ಊರಿನ ಜನವೂ ಬಂತು. ಆ ಹೆಂಗಸು, ಅವಳ ಗಂಡ, ಕೋಲೂರಿಕೊಂಡು ಅವಳ ಮಾವ, ಹಿಂದೆ ಇನ್ನಷ್ಟು ಮಂದಿ. ಒಬ್ಬನ ಕೈಯಲ್ಲಿ ಕತ್ತಿ. ಇನ್ನೊಬ್ಬ ಒಲೆಗೆ ಒಣಸೌದೆ ಹೊತ್ತು ತಂದಿದ್ದ. ಅಜ್ಜ ಕಲ್ಲಿನ ಮುಂದೆ ಕೂತು ಸುತ್ತ ನೋಡಿ ಏನೋ ಅಂದ. ಮಗ ದೋಣಿಯತ್ತ ಓಡಿದ.

"ಎಂತಕ್ಕೆ ಬಂದ್ರು ಇವ್ರು?" ಬಾಯಿ ನನ್ನನ್ನು ಕೇಳಿದರು.

"ನಮ್ಮ ಪೂಜೆ ನೋಡೂಕೆ. ಕೊಂಬೆ ತಂದಿದೀರಾ ಕೇಳಿದ್ಳು ಅವ್ಳು. ಹೌದು ಅಂದೆ."

"ಕೊಂಬೆಯಾ?"

"ಕೊಂಬೊ ಅಂದ್ಳು."

ಬಾಯಿ ಹಣೆ ಹಿಡಿದುಕೊಂಡು ಅಲ್ಲೇ ಕುಳಿತರು. "ಅಗೋ ಪೋರಿ, ಕೊಂಬೊ ಅಂದ್ರೆ ಹುಂಜ!"

ಅಷ್ಟರಲ್ಲಿ ದೋಣಿಗೆ ಹೋಗಿದ್ದ ಅಜ್ಜನ ಮಗ ಓಡಿಬಂದ. ಕೈಯಲ್ಲಿ ನಾನು ಮುರಿದ ಕೊಂಬೆ. ಅದನ್ನು ಅಪ್ಪನ ಮುಂದೆ ಹಿಡಿದ. ಊರವರು ಕೊಂಬೆಯನ್ನು ನೋಡಿದರು, ಮರವನ್ನು ನೋಡಿದರು, ಮರದಲ್ಲಿ ಹಸಿಯಾಗಿದ್ದ ಗಾಯವನ್ನು ನೋಡಿದರು. ಎಚ್ಚರಗೊಂಡ ವಕೀಲರ ಹೆಂಡತಿ ಕತ್ತಿ ಹಿಡಿದವನನ್ನು ಕಂಡು ಸಣ್ಣಗೆ ಅಳತೊಡಗಿದರು.

ಬಾಯಿ ಎದ್ದು ಅಜ್ಜನ ಎದುರು ಕುಳಿತು ಮಾತಾಡಿದರು. ನಡುನಡುವೆ ನನಗೆ ಕನ್ನಡದಲ್ಲಿ ತಿಳಿಸುತ್ತಿದ್ದರು. ಅದು ನೆಲ್ಲಿಮರವಲ್ಲ. ಅಲ್ಲಿರುವವನು ದೇವಚಾರ, ಊರಿನ ಗಡಿ ಕಾಯುವವನು. ಕತ್ತಲಾದ ಮೇಲೆ ಬೆತ್ತ ಹಿಡಿದು ಗದ್ದೆ ಸುತ್ತುತ್ತಾನೆ, ಹಂದಿಯನ್ನೂ ಹುಲಿಯನ್ನೂ ಹೊಳೆಯ ಆಚೆಗೆ ಅಟ್ಟುತ್ತಾನೆ. ಅವನಿಗೆ ಸಲ್ಲುವುದು ಹುಂಜ, ಹೆಂಡ, ಬೀಡಿ. ಅವನ ಮರದಿಂದ ಯಾರೂ ಒಂದು ಕಡ್ಡಿ ಮುರಿಯುವುದಿಲ್ಲ. ಇದು ಯಾರ ಜಾಗ ಗೊತ್ತುಂಟಾ ಎಂದು ಆ ಹೆಂಗಸು ಕೇಳಿದ್ದಳಂತೆ, ನಾನು ಹಯ್ ಎಂದೆನಂತೆ. ಹರಕೆ ತೀರಿಸಲು ಬಂದದ್ದೋ ಎಂದಳಂತೆ, ಹಯ್ ಹಯ್.

"ಸಿಟ್ಟು ಬಂದಿದೆಯಾ ಅವ್ರಿಗೆ?" ಎಂದೆ.

"ಇವ್ರಿಗೆ ಬಂದ್ರೆ ನಾ ನೋಡ್ಕಂತೆ. ಅವನಿಗೆ ಬಂತೋ ಏನೋ ಅಂತ ಇವ್ರಿಗೆ ಹೆದರಿಕೆ."

ಅಜ್ಜನ ಧ್ವನಿಯಲ್ಲಿ ನಿಜಕ್ಕೂ ಸಿಟ್ಟಿರಲಿಲ್ಲ. ಅವನು ಎಲೆಯ ಮೇಲಿನ ಪಾಯಸವನ್ನೇ ಚಿಂತೆಯಿಂದ ನೋಡುತ್ತಿದ್ದ. ಅವನ ತಂದೆಯ ಕಾಲದಿಂದಲೂ ಆ ಕಲ್ಲಿಗೆ ಯಾರೂ ಸಿಹಿ ಇಟ್ಟಿರಲಿಲ್ಲ. ಕೊನೆಗೆ, ಪ್ರಸಾದ ಕೇಳಿ ನೋಡೋಣ ಎಂದ. ಹೂವಿನ ಎಸಳನ್ನು ನೀರಿನಲ್ಲಿ ಅದ್ದಿ ಕಲ್ಲಿಗೆ ಹಚ್ಚುವುದು, ಬಲಕ್ಕೆ ಬಿದ್ದರೆ ಒಪ್ಪಿಗೆ, ಎಡಕ್ಕೆ ಬಿದ್ದರೆ ಇಲ್ಲ. ಎಸಳು ಹಚ್ಚಿ, ಹಿಂದೆ ಸರಿದು, ಕೋಲಿನಿಂದ ನನ್ನನ್ನು ತೋರಿಸಿದ.

"ನೀನೇ ಹೇಳ್ಬೇಕಂತೆ" ಎಂದರು ಬಾಯಿ. "ಮಾಡಿದವರೇ ಹೇಳ್ಬೇಕು. ನಿನ್ನ ಮಾತಲ್ಲೇ ಹೇಳು. ಅವನಿಗೆ ಎಲ್ಲಾ ಭಾಷೆ ತಿಳೀತದಂತೆ."

ನಾನು ಕಲ್ಲಿನ ಮುಂದೆ ಕೈ ಮುಗಿದು ನಿಂತೆ. ಬೆನ್ನ ಹಿಂದೆ ಓಣಿಯೆಲ್ಲ, ಆಚೆ ಊರೆಲ್ಲ.

"ದೇವ್ರೇ, ತಪ್ಪಾಯ್ತು. ನೆಲ್ಲಿಮರ ಅಂದ್ಕಂಡೆ."

ಎಸಳು ಅಲುಗಲಿಲ್ಲ.

"ಪಾಯಸ ಚೊಲೋ ಅದೆ. ಬಾಯಿ ಮಾಡಿದ್ದು. ನಾ ಮಾಡಿದ್ದಲ್ಲ."

ಎಸಳು ಅಲ್ಲೇ ಅಂಟಿಕೊಂಡಿತ್ತು. ಅಜ್ಜ, ಇನ್ನೂ ಹೇಳು ಎಂದು ಕೈ ಮಾಡಿದ. ಇನ್ನೇನು ಹೇಳುವುದು? ಹೆದರಿಕೆಗೆ ಬಾಯಿಗೆ ಬಂದದ್ದೆಲ್ಲ ಹೊರಬಿತ್ತು. "ನೆಲ್ಲಿಮರ ಹೆಂಗಿರ್ತದೆ ನಂಗೆ ಗೊತ್ತಿಲ್ಲ. ಯಾವ ಮರಾನೂ ಗೊತ್ತಿಲ್ಲ. ಕಿನ್ನರಕ್ಕೆ ಇದೇ ಮೊದ್ಲು ಬಂದದ್ದು." ಹಿಂದೆ ಯಾರೋ ಉಸಿರೆಳೆದುಕೊಂಡರು. ಎಸಳು ಜಪ್ಪಯ್ಯ ಅನ್ನಲಿಲ್ಲ. "ಕಣಜ ಕಚ್ಚಿದ್ದಕ್ಕೆ ಹಚ್ಚಿದ ಎಲೆ ಯಾವ್ದೋ ಏನೋ. ಗಿಡಕ್ಕೆ ಹೇಳಿದ ಹೆಸ್ರೆಲ್ಲ ನಮ್ಮನೆ ಎಮ್ಮೆ ಹೆಸ್ರು. ನಾ ಗದ್ದೆಗೆ ಇಳದವ್ಳೇ ಅಲ್ಲ. ಉಪ್ಪು ಮಾಡೂಕೂ ಹೋಗ್ಲಿಲ್ಲ, ಅಣ್ಣ ತಂದದ್ದು ನೆಕ್ಕಿದ್ದೆ. ಉಗದೂ ಬಿಟ್ಟೆ. ಕೊಂಕಣಿ ಬರೂದಿಲ್ಲ, ಸುಮ್ನೆ ಹಯ್ ಅಂತಿದ್ದೆ..."

"ಎಮ್ಮೆ ಹೆಸ್ರಾ?" ಹಿಂದಿನಿಂದ ವಕೀಲರ ಹೆಂಡತಿಯ ಧ್ವನಿ. ಅವರ ಅಳು ನಿಂತಿತ್ತು. "ನಾನು ಮನೆ ಮುಂದಿನ ಹೂವಿನ ಗಿಡಕ್ಕೆ ದಿನಾ ಆ ಹೆಸ್ರು ಹಿಡಿದು ಮಾತಾಡಿಸ್ತಿದ್ನಲ್ಲೇ!"

ಮೊದಲು ನಕ್ಕವರು ಬಾಯಿ. ಆ ನಗು ಒಬ್ಬರಿಂದ ಒಬ್ಬರಿಗೆ ಹತ್ತಿಕೊಂಡಿತು. ವಕೀಲರ ಹೆಂಡತಿ ಇಡೀ ಮೈ ಕುಲುಕಿಸಿ ನಕ್ಕರು. ಏನೆಂದು ತಿಳಿಯದ ಊರವರಿಗೆ ಯಾರೋ ಕೊಂಕಣಿಯಲ್ಲಿ ತಿರುಗಿಸಿ ಹೇಳಿದರು. ಆ ರೈತ ಹೆಂಗಸು ಹೊಟ್ಟೆ ಹಿಡಿದುಕೊಂಡು ಕೂತುಬಿಟ್ಟಳು. ನಾನೊಬ್ಬಳು ಕೈ ಮುಗಿದು ಕಣ್ಣಲ್ಲಿ ನೀರು ತುಂಬಿಕೊಂಡು ನಿಂತಿದ್ದೆ. ಆಗ ಅಜ್ಜ ಕೋಲಿನಿಂದ ನೆಲ ಕುಟ್ಟಿದ. ಎಸಳು ಬಲಕ್ಕೆ ಬಿದ್ದಿತ್ತು.

ಯಾವಾಗ ಬಿತ್ತೋ ನಾನು ನೋಡಲಿಲ್ಲ. ಕಣ್ಣೀರಿನಲ್ಲಿ ಬಲವೂ ಎಡವೂ ಒಂದೇ ಆಗಿತ್ತು.

ನಿಜವಾದ ನೆಲ್ಲಿಮರ ಇದ್ದದ್ದು ಆ ಹೆಂಗಸಿನ ಮನೆಯ ಹಿಂದೆ, ಕಾಯಿಯ ಭಾರಕ್ಕೆ ಕೊಂಬೆ ಬಗ್ಗಿಸಿಕೊಂಡು. ಬೆಳಿಗ್ಗೆ ನಾನು ಹೆಂಗಸರನ್ನು ಕರೆದುಕೊಂಡು ಅದರ ಪಕ್ಕದಲ್ಲೇ ಹಾದುಹೋಗಿದ್ದೆ, ಹೊರೆ ಹೊತ್ತವರು ಯಾರೂ ತಲೆಯೆತ್ತಿರಲಿಲ್ಲ. ಅದರ ಕೆಳಗೆ ಎರಡನೆಯ ಸಲ ಪೂಜೆ ಮಾಡಿ, ಅವರ ಅಂಗಳದಲ್ಲೇ ಉಂಡೆವು. ಮನೆಯವರಿಗೂ ಎಲೆ ಹಾಕಿದೆವು. ಅಜ್ಜ ಪಾಯಸವನ್ನು ಎರಡು ಸಲ ಬಡಿಸಿಕೊಂಡ. ದೇವಚಾರ ಒಪ್ಪಿದ ಮೇಲೆ ತನ್ನದೇನು ತಕರಾರು ಎಂದನಂತೆ. ಆದರೆ ಒಂದು ಮಾತು. ಒಮ್ಮೆ ಸಿಹಿಯ ರುಚಿ ಕಂಡವನು ಇನ್ನು ಪ್ರತಿ ವರ್ಷ ಕಾಯುತ್ತಾನೆ. ಹುಂಜದ ಲೆಕ್ಕ ಊರಿನವರದು, ಪಾಯಸದ್ದು ನನ್ನದು. ನಡೆಸಿಕೊಡುತ್ತೀಯಾ ಎಂದು ಕೇಳಿದ. ಈ ಸಲ ಬಾಯಿ ಅರ್ಥ ಹೇಳುವವರೆಗೆ ಕಾದೆ, ಆಮೇಲೆ ಹಯ್ ಎಂದೆ.

ಇಷ್ಟೆಲ್ಲ ಆಗುವಷ್ಟರಲ್ಲಿ ಇಳಿತ ಅದರ ಪಾಡಿಗೆ ಇಳಿದಿತ್ತು. ದೋಣಿ ಕೆಸರಿನಲ್ಲಿ ಹೊಟ್ಟೆಯೂರಿ ಕೂತಿತ್ತು. ದೋಣಿಯ ಮುದುಕ ಅದರೊಳಗೇ ಕಾಲು ಚಾಚಿ ಮಲಗಿದ್ದ. ನಮ್ಮನ್ನು ಕಂಡು ಎದ್ದು ಕುಳಿತ.

"ನಾ ಆಗ್ಲೇ ಕೂಗ್ಬೇಕು ಅಂದ್ಕಂಡೆ. ಆ ಅಮ್ಮಗೆ ಹೊಳೆ ವಿಷ್ಯ ಎಲ್ಲಾ ಗೊತ್ತದ್ಯಲ್ಲ ಅಂದೇ ಸುಮ್ನಾದೆ."

ಚೊಕ್ಕ ಕನ್ನಡ. ನನಗೆ ಕೆಸರಿನಲ್ಲೇ ಹುಗಿದುಹೋಗಬೇಕು ಎನಿಸಿತು. ಅದು ಸ್ವಲ್ಪ ಹೊತ್ತಿನಲ್ಲೇ ನಡೆಯಿತು ಕೂಡ. ಊರಿನ ಗಂಡಸರು ದೋಣಿಯನ್ನು ನೀರಿಗೆ ದೂಡಿದರು, ನಾವು ಒಬ್ಬೊಬ್ಬರಾಗಿ ಕೆಸರು ತುಳಿದು ಹತ್ತಬೇಕಾಯಿತು. ವಕೀಲರ ಹೆಂಡತಿ ಸಿಕ್ಕಿಬೀಳುತ್ತಾರೆಂದು ಎಲ್ಲರೂ ಅವರತ್ತಲೇ ಕೈ ಚಾಚಿದ್ದರು. ಅವರು ನಾಲ್ಕು ಹೆಜ್ಜೆಯಲ್ಲಿ ಗಜಗಮನೆಯಾಗಿ ದಾಟಿ ದೋಣಿ ಏರಿದರು. ಮೊಳಕಾಲಿನವರೆಗೆ ಹುಗಿದು ನಿಂತವಳು ನಾನು. ಆ ರೈತ ಹೆಂಗಸು ಬಂದು ಕಂಕುಳಿಗೆ ಕೈಕೊಟ್ಟು, ಸಸಿ ಕಿತ್ತ ಹಾಗೆ ನನ್ನನ್ನು ಕಿತ್ತು ದೋಣಿಯಲ್ಲಿಟ್ಟಳು.

ದಾರಿಯಲ್ಲಿ ಯಾರೂ ನನ್ನನ್ನು ಏನೂ ಕೇಳಲಿಲ್ಲ. ಹೊಳೆಯ ಮೇಲೆ ಸಂಜೆಯ ಬಿಸಿಲು ಹರಡಿತ್ತು. ನಾನು ದೋಣಿಯ ಹಿಂಬದಿಯಲ್ಲಿ, ಎಲ್ಲರ ಕಾಲ ಬಳಿ ಕೂತಿದ್ದೆ. ಬಹಳ ಹೊತ್ತಿನ ಮೇಲೆ ವಕೀಲರ ಹೆಂಡತಿ ತಮ್ಮ ಮಡಿಲಿನ ನೆಲ್ಲಿಕಾಯಿಯೊಂದನ್ನು ನನ್ನ ಕೈಗಿಟ್ಟು, ಕೊಂಕಣಿಯಲ್ಲಿ ಅದರ ಹೆಸರು ಹೇಳಿ, ನನ್ನಿಂದ ತಿರುಗಿ ಹೇಳಿಸಿದರು. ತಪ್ಪಾಯಿತು. ಮತ್ತೆ ಹೇಳಿಸಿದರು. ಸದಾಶಿವಗಡ ಕಾಣುವ ಹೊತ್ತಿಗೆ ದೋಣಿ, ಹುಟ್ಟು, ನೀರು, ಕೆಸರು ಎಲ್ಲದರ ಹೆಸರೂ ನನ್ನ ಬಾಯಲ್ಲಿ ಚಿಂದಿಯಾಗಿತ್ತು, ದೋಣಿಗೆ ದೋಣಿಯೇ ನಗುತ್ತಿತ್ತು. ಮರುದಿನ ಮಧ್ಯಾಹ್ನ ಜಗಲಿಯಲ್ಲಿ ನನಗಾಗಿ ಯಾರೂ ಕನ್ನಡ ಆಡಲಿಲ್ಲ. ಅರ್ಥವಾಗದಿದ್ದರೆ ಕೇಳು ಎಂದರು ಬಾಯಿ. ಕೇಳಿ ಕೇಳಿ ಎಲ್ಲರ ಪ್ರಾಣ ತಿಂದೆ.

ಮುಂದಿನ ಕಾರ್ತೀಕದಲ್ಲಿ ಪಾಯಸ ನಾನೇ ಮಾಡುತ್ತೇನೆಂದು ಹಟ ಹಿಡಿದೆ. ದೋಣಿಯಲ್ಲಿ ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು ಹೋದೆ. ಕಲ್ಲಿಗೆ ಬಡಿಸಿ, ಉಳಿದದ್ದನ್ನು ಅಜ್ಜನ ಎಲೆಗೆ ಹಾಕಿದೆ. ಅವನು ಬೆರಳಿನಲ್ಲಿ ಎತ್ತಿ ಬಾಯಿಗಿಟ್ಟು, ಸ್ವಲ್ಪ ಹೊತ್ತು ಯೋಚಿಸಿ, ಸೊಸೆಯ ಕಡೆ ತಿರುಗಿ ಮೆಲ್ಲಗೆ ಒಂದು ಮಾತು ಹೇಳಿದ. ಹೋದ ವರ್ಷದ್ದೇ ಚೆನ್ನಾಗಿತ್ತು, ಎಂದ. ಯಾರೂ ತಿರುಗಿಸಿ ಹೇಳದೆ ನನಗೆ ಪೂರ್ತಿ ಅರ್ಥವಾದ ಮೊದಲ ಕೊಂಕಣಿ ಮಾತು ಅದು.